ರ‍್ಯಾಮ್ ಚಿಪ್ ಮೇಲಿನ ಅಕ್ಷರ-ಅಂಕಿ ಓದುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಲ್ಯಾಪ್‌ಟಾಪ್‌ಗೆ ಇನ್ನೊಂದು ರ‍್ಯಾಮ್ ಹಾಕೋಣ ಅಂತ ಹಿಂದಿನ ಮುಚ್ಚಳ ಬಿಚ್ಚುತ್ತೀರಿ. ಒಳಗಿರುವ ಸ್ಟಿಕ್ ಮೇಲೆ ಎರಡು ಥರದ ಬರಹ ಇರುತ್ತದೆ. ಒಂದು ಅಂಟಿಸಿದ ಸ್ಟಿಕರ್, ಇನ್ನೊಂದು ಕಪ್ಪು ಚಿಪ್‌ಗಳ ಮೇಲೆ ಲೇಸರ್‌ನಲ್ಲಿ ಕೊರೆದ ಸಣ್ಣ ಅಕ್ಷರ. ಎರಡೂ ಓದೋಕೆ ಬಂದರೆ ಅಂಗಡಿಯವರ ಮಾತು ನಂಬಿ ಕೂರುವ ಕಷ್ಟ ಇಲ್ಲ. ಕೋಡ್‌ಗಳಲ್ಲಿನ ಇಂಗ್ಲಿಷ್ ಅಕ್ಷರಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ, ಭಾಗ ಭಾಗ ಗೊತ್ತಾಗಲಿ ಅಂತ ನಡುವೆ ಜಾಗವನ್ನೂ ಬಿಟ್ಟಿದ್ದೇನೆ. ಚಿಪ್ ಮೇಲೆ ಆ ಜಾಗ ಇರುವುದಿಲ್ಲ.

ಸ್ಟಿಕರ್ ಮೇಲೇ ಎಲ್ಲ ಇದೆಯಲ್ಲ, ಚಿಪ್ ಯಾಕೆ ನೋಡಬೇಕು?

ಸ್ಟಿಕರ್ ಅಂಟಿಸಿದವರು ಸ್ಟಿಕ್ ಮಾರುವ ಕಂಪನಿ. ಚಿಪ್ ಮೇಲೆ ಬರೆದವರು ಚಿಪ್ ಮಾಡಿದ ಕಂಪನಿ. ಎಷ್ಟೋ ಸಲ ಇವರಿಬ್ಬರೂ ಬೇರೆ ಬೇರೆ. ಅದೂ ಅಲ್ಲದೆ ಸ್ಟಿಕರ್ ಪ್ರಿಂಟ್ ಮಾಡಿಸೋಕೆ ಯಾರಿಗೂ ಕಷ್ಟ ಇಲ್ಲ, ಚಿಪ್ ಮೇಲಿನದನ್ನು ಅಳಿಸಿ ಬೇರೆ ಬರೆಯೋದು ಸ್ವಲ್ಪ ಕೆಲಸವೇ. ಹಾಗಾಗಿ ಎರಡನ್ನೂ ಓದಿ, ಲೆಕ್ಕ ತಾಳೆ ಆಗುತ್ತಾ ನೋಡಿ. ಈ ಇಡೀ ಪುಟದಲ್ಲಿ ನಾನು ಹೇಳೋದು ಅದನ್ನೇ.

ಸ್ಟಿಕರ್ ಮೇಲಿನ ಉದ್ದ ಸಾಲು ಏನು ಹೇಳುತ್ತದೆ?

ಲ್ಯಾಪ್‌ಟಾಪ್‌ಗಳಲ್ಲಿ ತುಂಬಾ ಸಿಗುವ ಒಂದು ಡಿಡಿಆರ್4 (ಡಿಡಿಆರ್ ಅನ್ನೋ ಮೆಮೊರಿಯ ನಾಲ್ಕನೇ ಪೀಳಿಗೆ) ಸ್ಟಿಕ್ ತಗೊಳ್ಳೋಣ. ಅದರ ಮೇಲಿನ ಸಾಲು ಹೀಗಿರುತ್ತದೆ: 8ಜಿಬಿ 1ಆರ್×8 ಪಿಸಿ4-2400ಟಿ-ಎಸ್‌ಎ1-11. ಇದು ಜೆಡೆಕ್ ಅನ್ನುವ ಉದ್ಯಮ ಸಂಸ್ಥೆ ಮಾಡಿದ ಕ್ರಮ. ಅದಕ್ಕೇ ಸ್ಯಾಮ್‌ಸಂಗ್ ಆಗಲಿ ಹೈನಿಕ್ಸ್ ಆಗಲಿ ಮೈಕ್ರಾನ್ ಆಗಲಿ, ಸಾಲು ಒಂದೇ ರೀತಿ ಇರುತ್ತದೆ.

8ಜಿಬಿ ಅಂದರೆ ಒಟ್ಟು ಸಾಮರ್ಥ್ಯ. 1ಆರ್ ಅಂದರೆ ಒಂದು ರ‍್ಯಾಂಕ್, ಅಂದರೆ 64 ಬಿಟ್ ಅಗಲದ ಒಂದು ಗುಂಪು. ×8 ಅಂದರೆ ಒಂದೊಂದು ಚಿಪ್ ಒಂದು ಸಲಕ್ಕೆ 8 ಬಿಟ್ ಕೊಡುತ್ತದೆ. 64ನ್ನು 8ರಿಂದ ಭಾಗಿಸಿದರೆ 8, ಹಾಗಾಗಿ ಸ್ಟಿಕ್ ಮೇಲೆ ಎಂಟು ಚಿಪ್ ಇರಲೇಬೇಕು. 1ಆರ್×16 ಇದ್ದರೆ ನಾಲ್ಕು, 2ಆರ್×8 ಇದ್ದರೆ ಹದಿನಾರು. ಚಿಪ್ ಎಣಿಸೋಕೆ ಮಾತ್ರ ಮರೀಬೇಡಿ, ಎರಡೂ ಬದಿ ನೋಡಿ.

ಪಿಸಿ4 ಅಂದರೆ ಡಿಡಿಆರ್4. 2400 ವೇಗ. ಪಕ್ಕದ ಟಿ ಅನ್ನೋದು ಟೈಮಿಂಗ್, ಅಂದರೆ ಡೇಟಾ ಕೇಳಿದ ಮೇಲೆ ಸಿಗೋಕೆ ಗಡಿಯಾರದ ಎಷ್ಟು ಬಡಿತ (ಸಿಎಲ್) ಹಿಡಿಯುತ್ತದೆ ಅನ್ನೋದು: 2400ಕ್ಕೆ ಟಿ ಇದ್ದರೆ ಸಿಎಲ್17. ಹಾಗೇ 2133ಪಿ ಅಂದರೆ ಸಿಎಲ್15, 2666ವಿ ಅಂದರೆ ಸಿಎಲ್19, 3200ಎಎ ಅಂದರೆ ಸಿಎಲ್22. ಆಮೇಲೆ ಬರುವ ಮೊದಲ ಅಕ್ಷರ ತುಂಬಾ ಮುಖ್ಯ, ಸ್ಟಿಕ್ ಯಾವ ಥರದ್ದು ಅಂತ ಅದು ಹೇಳುತ್ತದೆ (ಡಿಮ್ ಅಂದರೆ ಸ್ಟಿಕ್ಕೇ). ಎಸ್ ಅಂದರೆ ಲ್ಯಾಪ್‌ಟಾಪ್‌ನ ಸೋಡಿಮ್, ಯು ಅಂದರೆ ಡೆಸ್ಕ್‌ಟಾಪ್‌ನ ಸಾಮಾನ್ಯ ಡಿಮ್, ಇ ಅಂದರೆ ಇಸಿಸಿ (ಡೇಟಾದಲ್ಲಿನ ತಪ್ಪು ಹಿಡಿಯುವ ವ್ಯವಸ್ಥೆ) ಇರುವ ಡಿಮ್, ಆರ್ ಅಂದರೆ ಸರ್ವರ್‌ನ ರಿಜಿಸ್ಟರ್ಡ್ ಡಿಮ್. ಆರ್ ಇರುವುದನ್ನು ಅಗ್ಗಕ್ಕೆ ಸಿಕ್ಕಿತು ಅಂತ ತಂದು ಮನೆ ಕಂಪ್ಯೂಟರ್‌ಗೆ ಹಾಕಿದರೆ ಅದು ಶುರುವೇ ಆಗುವುದಿಲ್ಲ. ಉದ್ದ ಒಂದೇ, ಪಿನ್ ಲೆಕ್ಕವೂ ಒಂದೇ, ಸ್ಲಾಟ್‌ಗೆ ಸಲೀಸಾಗಿ ಕೂರುತ್ತದೆ ಕೂಡ, ಆದರೂ ಕೆಲಸ ಮಾಡಲ್ಲ. ಉಳಿದ ಎ1 ಮತ್ತು 11 ಅನ್ನೋದು ಬೋರ್ಡ್ ವಿನ್ಯಾಸ ಮತ್ತು ಒಳಗಿನ ಮಾಹಿತಿಯ ಆವೃತ್ತಿ. ನಮಗೆ ಅದರ ಕೆಲಸ ಕಮ್ಮಿ.

ಪಿಸಿ3-12800 ಅಂದರೆ 12800 ಮೆಗಾಹರ್ಟ್ಸಾ?

ಅಲ್ಲ. ಅದು ಸೆಕೆಂಡಿಗೆ ಎಷ್ಟು ಮೆಗಾಬೈಟ್ ಸಾಗುತ್ತದೆ ಅನ್ನೋ ಲೆಕ್ಕ. 8ರಿಂದ ಭಾಗಿಸಿ, 1600 ಬರುತ್ತದೆ. ಅಂದರೆ ಡಿಡಿಆರ್3-1600. ಪಿಸಿ3-10600 ಅಂದರೆ 1333, ಪಿಸಿ2-6400 ಅಂದರೆ ಡಿಡಿಆರ್2-800. ಡಿಡಿಆರ್4 ಬಂದ ಮೇಲೆ ಕೆಲವರು ಪಿಸಿ4-2400 ಅಂತ ನೇರವಾಗಿ ಬರೆಯುತ್ತಾರೆ, ಇನ್ನು ಕೆಲವರು ಪಿಸಿ4-19200 ಅಂತ ಬರೆಯುತ್ತಾರೆ. ಎರಡೂ ಒಂದೇ ಸ್ಟಿಕ್. ದೊಡ್ಡ ಅಂಕಿ ಕಂಡು ಜಾಸ್ತಿ ದುಡ್ಡು ಕೊಡಬೇಡಿ.

ಸ್ಯಾಮ್‌ಸಂಗ್ ಚಿಪ್ ಮೇಲಿನದು ಓದೋದು ಹೇಗೆ?

ಓದೋಕೆ ಎಲ್ಲಕ್ಕಿಂತ ಸುಲಭ ಇದೇ. ಮೇಲೆ ಹೇಳಿದ ಸ್ಟಿಕ್‌ನ ಚಿಪ್ ಮೇಲೆ ಇರೋದು: ಕೆ 4 ಎ 8ಜಿ 08 5 ಡಬ್ಲ್ಯು ಸಿ - ಬಿ ಸಿ ಆರ್‌ಸಿ.

ಕೆ ಅಂದರೆ ಮೆಮೊರಿ, 4 ಅಂದರೆ ಡಿರ‍್ಯಾಮ್. ಮೂರನೇ ಅಕ್ಷರ ಪೀಳಿಗೆ: ಎ ಇದ್ದರೆ ಡಿಡಿಆರ್4, ಬಿ ಇದ್ದರೆ ಡಿಡಿಆರ್3, ಟಿ ಇದ್ದರೆ ಡಿಡಿಆರ್2, ಎಚ್ ಇದ್ದರೆ ಮೊದಲ ಡಿಡಿಆರ್, ಎಸ್ ಇದ್ದರೆ ಅದಕ್ಕೂ ಹಿಂದಿನ ಎಸ್‌ಡಿರ‍್ಯಾಮ್. 8ಜಿ ಅಂದರೆ 8 ಗಿಗಾಬಿಟ್. 08 ಅಂದರೆ ×8 ಅಗಲ. 5 ಅಂದರೆ 16 ಬ್ಯಾಂಕ್, ಅಂದರೆ ಚಿಪ್ ಒಳಗಿನ ಮೆಮೊರಿ ವಿಭಾಗಗಳು. ಡಬ್ಲ್ಯು ಅಂದರೆ 1.2 ವೋಲ್ಟ್. ಅದರ ಪಕ್ಕದ ಸಿ ಅನ್ನೋದು ಡೈ, ಅಂದರೆ ಚಿಪ್ ಒಳಗಿನ ಸಿಲಿಕಾನ್ ತುಂಡಿನ ಆವೃತ್ತಿ. ಗೇಮಿಂಗ್ ಹುಡುಗರು ಬಾಯಿಬಿಟ್ಟರೆ "ಬಿ-ಡೈ" ಅನ್ನುತ್ತಾರಲ್ಲ, ಆ ಬಿ ಇರೋದು ಇದೇ ಜಾಗದಲ್ಲಿ. ಕೊನೆಯ ಎರಡು ಅಕ್ಷರ ವೇಗ: ಪಿಬಿ 2133, ಆರ್‌ಸಿ 2400, ಟಿಡಿ 2666, ಡಬ್ಲ್ಯುಇ 3200. ಡಿಡಿಆರ್3 ಚಿಪ್ ಆದರೆ ಎಫ್8 ಅಂದರೆ 1066, ಎಚ್9 ಅಂದರೆ 1333, ಕೆ0 ಅಂದರೆ 1600.

ಒಂದು ಕಿರಿಕಿರಿ ಇದೆ. ಚಿಪ್ ಚಿಕ್ಕದು, ಹೆಸರು ಉದ್ದ, ಹಾಗಾಗಿ ಅವರು ಹೆಸರನ್ನು ಮುರಿದು ಎರಡು ಸಾಲಲ್ಲಿ ಬರೆಯುತ್ತಾರೆ. "ಕೆ4ಎ8ಜಿ08" ಒಂದು ಸಾಲಲ್ಲಿ, "5ಡಬ್ಲ್ಯುಸಿ" ಕೆಳಗಿನ ಸಾಲಲ್ಲಿ. ಮೇಲಿನ ಅರ್ಧವನ್ನು ಮಾತ್ರ ಗೂಗಲ್‌ಗೆ ಹಾಕಿ "ಏನೂ ಸಿಗ್ತಿಲ್ಲ" ಅನ್ನೋರು ಬಹಳ. ಎರಡು ಸಾಲನ್ನೂ ಸೇರಿಸಿ ಹುಡುಕಿ.

ಸ್ಟಿಕರ್ ಮೇಲಿನ ಸ್ಟಿಕ್ ನಂಬರ್ ಕೂಡ ಇದೇ ಮನೆಯದು: ಎಂ471 ಎ 1ಕೆ 4 3 ಸಿ ಬಿ 1 - ಸಿ ಆರ್‌ಸಿ. 471 ಅಂದರೆ ಲ್ಯಾಪ್‌ಟಾಪ್‌ದು, 378 ಅಂದರೆ ಡೆಸ್ಕ್‌ಟಾಪ್‌ದು, 393 ಅಂದರೆ ಸರ್ವರ್‌ದು. ಎ ಮತ್ತೆ ಡಿಡಿಆರ್4. 43ರಲ್ಲಿನ 3 ಅಂದರೆ ×8 ಚಿಪ್, ಅಲ್ಲಿ 44 ಇದ್ದರೆ ×16. ಸಿ ಅಂದರೆ ಸಿ-ಡೈ, ಕೊನೆಯ ಆರ್‌ಸಿ ಅಂದರೆ 2400. ಚಿಪ್‌ನಲ್ಲೂ ಸಿ, ಇಲ್ಲೂ ಸಿ. ಚಿಪ್‌ನಲ್ಲೂ ಆರ್‌ಸಿ, ಇಲ್ಲೂ ಆರ್‌ಸಿ. ತಾಳೆ ಆಯಿತು.

ಒಂದೊಂದು ಚಿಪ್ 8ಜಿ, ಎಂಟು ಚಿಪ್ ಇದೆ. ಹಾಗಾದ್ರೆ 64 ಜಿಬಿ ಅಲ್ವಾ?

ಅಲ್ಲ ಸ್ವಾಮಿ! ಚಿಪ್ ಮೇಲಿನದು ಗಿಗಾಬಿಟ್, ಸ್ಟಿಕ್ ಮೇಲಿನದು ಗಿಗಾಬೈಟ್. ಎಂಟು ಬಿಟ್‌ಗೆ ಒಂದು ಬೈಟ್. ಲೆಕ್ಕ ಇಷ್ಟೇ: ಚಿಪ್ ಸಂಖ್ಯೆಯನ್ನು ಒಂದು ಚಿಪ್‌ನ ಗಿಗಾಬಿಟ್‌ನಿಂದ ಗುಣಿಸಿ, 8ರಿಂದ ಭಾಗಿಸಿ. 8 ಚಿಪ್ × 8 ಗಿಗಾಬಿಟ್ ÷ 8 = 8 ಜಿಬಿ. 16 ಚಿಪ್ × 2 ಗಿಗಾಬಿಟ್ ÷ 8 = 4 ಜಿಬಿ. ಮೋಸ ಹಿಡಿಯೋಕೆ ಇದಕ್ಕಿಂತ ಒಳ್ಳೆ ದಾರಿ ನಾನು ಕಂಡಿಲ್ಲ.

ಒಂಬತ್ತು ಚಿಪ್ ಇದ್ದರೆ ಗಾಬರಿ ಬೇಡ. ಅದು ಇಸಿಸಿ ಸ್ಟಿಕ್, ಒಂಬತ್ತನೆಯದು ತಪ್ಪು ಹಿಡಿಯೋಕೆ ಅಂತ ಇರುವುದು, ಅದನ್ನು ಬಿಟ್ಟು ಲೆಕ್ಕ ಹಾಕಿ. ಸ್ಟಿಕ್ ಮೇಲೆ ಎಲ್ಲೋ ಒಂದು ಎಂಟು ಕಾಲಿನ ಪುಟ್ಟ ಚಿಪ್ ಇರುತ್ತದಲ್ಲ, ಅದನ್ನೂ ಎಣಿಸಬೇಡಿ, ಅದು ಎಸ್‌ಪಿಡಿ. ಸ್ಟಿಕ್‌ನ ಜಾತಕ ಅದರಲ್ಲಿರುತ್ತದೆ.

ಹೈನಿಕ್ಸ್ ಚಿಪ್‌ದು ಹೇಗೆ?

ಉದಾಹರಣೆಗೆ ಎಚ್ 5 ಎ ಎನ್ 8ಜಿ 8 ಎನ್ ಎ ಎಫ್ ಆರ್ - ಯುಎಚ್ ಸಿ. ಎಚ್5 ಅಂದರೆ ಹೈನಿಕ್ಸ್ ಡಿರ‍್ಯಾಮ್. ಎಎನ್ ಅಂದರೆ ಡಿಡಿಆರ್4, 1.2 ವೋಲ್ಟ್. ಅಲ್ಲಿ ಟಿಕ್ಯೂ ಇದ್ದರೆ 1.5 ವೋಲ್ಟ್ ಡಿಡಿಆರ್3, ಟಿಸಿ ಇದ್ದರೆ 1.35 ವೋಲ್ಟ್‌ನದು. 8ಜಿ ಸಾಮರ್ಥ್ಯ, 8 ಅಗಲ. ಎನ್ ಆದ ಮೇಲಿನ ಅಕ್ಷರ ಡೈ ಆವೃತ್ತಿ. ಇವರದ್ದು ಎಂ ಇಂದ ಶುರು, ಎಂ ಮೊದಲನೆಯದು, ಎ ಎರಡನೆಯದು, ಬಿ ಮೂರನೆಯದು. ಯಾಕೆ ಹಾಗೆ ಅಂತ ಅವರನ್ನೇ ಕೇಳಬೇಕು.

ವೇಗದ ಅಕ್ಷರ: ಟಿಎಫ್ 2133, ಯುಎಚ್ 2400, ವಿಕೆ 2666, ಎಕ್ಸ್‌ಎನ್ 3200. ಡಿಡಿಆರ್3ರಲ್ಲಿ ಎಚ್9 ಅಂದರೆ 1333, ಪಿಬಿ ಅಂದರೆ 1600. ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. ಸ್ಯಾಮ್‌ಸಂಗ್ ಡಿಡಿಆರ್4ರಲ್ಲಿ ಪಿಬಿ ಅಂದರೆ 2133, ಹೈನಿಕ್ಸ್ ಡಿಡಿಆರ್3ರಲ್ಲಿ ಅದೇ ಪಿಬಿ ಅಂದರೆ 1600. ವೇಗದ ಕೋಡ್ ಒಂದೊಂದು ಕಂಪನಿಗೆ ಒಂದೊಂದು. ಮೊದಲು ಯಾರ ಚಿಪ್ ಅಂತ ನೋಡಿ, ಆಮೇಲೆ ಅಕ್ಷರಕ್ಕೆ ಅರ್ಥ ಹಚ್ಚಿ.

ತುಂಬಾ ಹಳೆ ಚಿಪ್ ಮೇಲೆ ಎಚ್‌ವೈ ಅಂತ ಇದ್ದರೆ ಅದೂ ಇವರದ್ದೇ. ಮೊದಲು ಕಂಪನಿ ಹೆಸರು ಹ್ಯುಂಡೈ ಎಲೆಕ್ಟ್ರಾನಿಕ್ಸ್. 2001ರಲ್ಲಿ ಹೈನಿಕ್ಸ್ ಆಯಿತು, 2012ರಲ್ಲಿ ಎಸ್‌ಕೆ ಹೈನಿಕ್ಸ್.

ಮೈಕ್ರಾನ್ ಚಿಪ್ ಮೇಲೆ ಐದೇ ಅಕ್ಷರ ಇದೆ, ಉಳಿದದ್ದು ಎಲ್ಲಿ?

ಮೈಕ್ರಾನ್‌ನವರು ಪೂರ್ತಿ ಹೆಸರು ಬರೆಯುವುದೇ ಇಲ್ಲ. ಡಿ9 ಇಂದ ಶುರುವಾಗುವ ಐದು ಅಕ್ಷರದ ಒಂದು ಚಿಕ್ಕ ಕೋಡ್ ಹಾಕಿ ಸುಮ್ನಾಗುತ್ತಾರೆ. ಆ ಕೋಡ್‌ನಿಂದ ನೀವಾಗಿ ಏನೂ ಬಿಡಿಸೋಕೆ ಆಗಲ್ಲ. ಅದಕ್ಕೆ ಅವರ ವೆಬ್‌ಸೈಟ್‌ನಲ್ಲಿ ಒಂದು ಡೀಕೋಡರ್ ಇದೆ, ಕೋಡ್ ಹಾಕಿದರೆ ಪೂರ್ತಿ ಹೆಸರು ಕೊಡುತ್ತದೆ. ಡಿ9ವಿಪಿಪಿ ಅಂತ ಹಾಕಿ ನೋಡಿ: ಎಂಟಿ 40ಎ 1ಜಿ8 ಎಸ್‌ಎ - 075 : ಇ ಅಂತ ಬರುತ್ತದೆ. ಇದನ್ನು ಓದಬಹುದು. ಎಂಟಿ40ಎ ಅಂದರೆ ಡಿಡಿಆರ್4. 41ಜೆ ಅಂದರೆ ಡಿಡಿಆರ್3, 41ಕೆ ಅಂದರೆ 1.35 ವೋಲ್ಟ್ ಡಿಡಿಆರ್3, 47ಎಚ್ ಅಂದರೆ ಡಿಡಿಆರ್2. 1ಜಿ8 ಅನ್ನೋದನ್ನು 1ಜಿ × 8 ಅಂತ ಓದಿ, 8 ಗಿಗಾಬಿಟ್ ಬಂತು. ಕೊನೆಯ ಇ ಡೈ ಆವೃತ್ತಿ.

075 ಅನ್ನೋದು 0.75 ನ್ಯಾನೋಸೆಕೆಂಡ್, ಗಡಿಯಾರದ ಒಂದು ಬಡಿತಕ್ಕೆ ಹಿಡಿಯುವ ಸಮಯ. 2000ವನ್ನು ಅದರಿಂದ ಭಾಗಿಸಿದರೆ ವೇಗ ಸಿಗುತ್ತದೆ. 2000 ÷ 0.75 ಅಂದರೆ 2666. ಡಿಡಿಆರ್3ರಲ್ಲಿ 125 ಇದ್ದರೆ 1.25 ನ್ಯಾನೋಸೆಕೆಂಡ್, ಅಂದರೆ 1600. 062ಇ ಅಂದರೆ 0.625, ಅಂದರೆ 3200. ಡಿಡಿಆರ್ ಬಡಿತಕ್ಕೆ ಎರಡು ಸಲ ಡೇಟಾ ಕಳಿಸುತ್ತದೆ, ಅದಕ್ಕೇ 1000ದ ಬದಲು 2000.

ಇದೇ ಮೈಕ್ರಾನ್ ಗುಜರಾತಿನ ಸಾಣಂದ್‌ನಲ್ಲಿ ಚಿಪ್ ಜೋಡಿಸಿ ಪರೀಕ್ಷಿಸುವ ಘಟಕ ಮಾಡುತ್ತೇವೆ ಅಂತ 2023ರಲ್ಲಿ ಘೋಷಿಸಿತು. ಗಮನಿಸಿ, ಅದು ಜೋಡಣೆ ಮತ್ತು ಪರೀಕ್ಷೆ ಮಾತ್ರ. ಸಿಲಿಕಾನ್ ಮೇಲೆ ಸರ್ಕ್ಯೂಟ್ ಮೂಡಿಸುವ ಕೆಲಸ ಬೇರೆ.

ಹಳೆ ಚಿಪ್ ಮೇಲೆ -75, -60 ಅಂತ ಇರುತ್ತದೆ, ಅದೇನು?

ಎಸ್‌ಡಿರ‍್ಯಾಮ್ ಕಾಲದ -75 ಅಂದರೆ 7.5 ನ್ಯಾನೋಸೆಕೆಂಡ್, 133 ಮೆಗಾಹರ್ಟ್ಸ್. ಅಲ್ಲಿ ಬಡಿತಕ್ಕೆ ಒಂದೇ ಸಲ ಡೇಟಾ, ಹಾಗಾಗಿ 1000 ÷ 7.5. ಅದಕ್ಕೂ ಹಿಂದಿನ ಚಿಪ್‌ಗಳ -60, -70 ಬೇರೆಯೇ ಸಂಗತಿ. ಅವು ಡೇಟಾ ಕೇಳಿದ ಮೇಲೆ ಸಿಗೋಕೆ ಹಿಡಿಯುವ 60, 70 ನ್ಯಾನೋಸೆಕೆಂಡ್.

ಎಲ್ಪಿಡಾ, ಕ್ವಿಮೊಂಡಾ, ನಾನ್ಯಾ ಅಂತೆಲ್ಲ ಕಾಣುತ್ತದೆ. ಇವು ನಕಲಿಯಾ?

ಅಲ್ಲ, ಎಲ್ಲವೂ ಅಸಲಿ ಚಿಪ್ ಕಂಪನಿಗಳೇ. ಎಲ್ಪಿಡಾ ಜಪಾನಿನದು, 2012ರಲ್ಲಿ ದಿವಾಳಿ ಆಯಿತು, 2013ರಲ್ಲಿ ಮೈಕ್ರಾನ್ ಕೊಂಡಿತು. ಅವರ ಡಿಡಿಆರ್3 ಚಿಪ್ ಮೇಲೆ ಜೆ 21 08 ಅಂತ ಶುರುವಾಗಿ ಕೊನೆಗೆ ಡಿಜೆ ಇದ್ದರೆ 2 ಗಿಗಾಬಿಟ್, ×8, 1333. ಡಿಜೆ ಬದಲು ಜಿಎನ್ ಇದ್ದರೆ 1600. ಕ್ವಿಮೊಂಡಾ ಜರ್ಮನಿಯದು, 2009ರಲ್ಲಿ ಮುಳುಗಿತು, ಹಳೆ ಡಿಡಿಆರ್2 ಸ್ಟಿಕ್‌ಗಳಲ್ಲಿ ಈಗಲೂ ಸಿಗುತ್ತದೆ. ನಾನ್ಯಾ ತೈವಾನಿನದು, ಈಗಲೂ ಇದೆ. ಅವರದ್ದು ಎನ್‌ಟಿ5 ಇಂದ ಶುರು.

ಯಾವಾಗ ತಯಾರಾಗಿದ್ದು ಅಂತ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ಸ್ಟಿಕರ್ ಮೇಲೆ 1834 ಅಂತ ನಾಲ್ಕು ಅಂಕಿ ಇದ್ದರೆ 2018ರ 34ನೇ ವಾರ. ಸ್ಯಾಮ್‌ಸಂಗ್ ಚಿಪ್ ಮೇಲೆ ಎಸ್‌ಇಸಿ 731 ಅಂತಿದ್ದರೆ 7ರಲ್ಲಿ ಕೊನೆಯಾಗುವ ವರ್ಷದ 31ನೇ ವಾರ. 2007ಆ, 2017ಆ? ಡಿಡಿಆರ್4 ಚಿಪ್ ಆಗಿದ್ದರೆ 2017, ಡಿಡಿಆರ್2 ಆಗಿದ್ದರೆ 2007. ಮೈಕ್ರಾನ್‌ನಲ್ಲಿ ಡಿ9 ಕೋಡ್ ಜೊತೆ ಇರುವ ಇನ್ನೊಂದು ಸಾಲಿನಲ್ಲಿ ಮೊದಲ ಅಂಕಿ ವರ್ಷ, ಎರಡನೆಯ ಅಕ್ಷರ ವಾರ. ಎರಡೆರಡು ವಾರಕ್ಕೆ ಒಂದು ಅಕ್ಷರ, ಎ ಇಂದ ಜಡ್‌ವರೆಗೆ 52 ವಾರ.

ಒಂದೇ ಸ್ಟಿಕ್‌ನ ಎಂಟು ಚಿಪ್‌ಗಳ ತಾರೀಖು ಸಾಮಾನ್ಯವಾಗಿ ಒಂದೇ ಇರುತ್ತದೆ, ಇಲ್ಲವೇ ಹತ್ತಿರ ಹತ್ತಿರ. ಒಂದು 2015, ಪಕ್ಕದ್ದು 2018 ಅಂತಿದ್ದರೆ ಯಾರೋ ರಿಪೇರಿ ಮಾಡಿದ್ದಾರೆ ಅಥವಾ ಹಳೆ ಚಿಪ್ ಕಿತ್ತು ಕೂರಿಸಿದ್ದಾರೆ ಅಂತ ಅನುಮಾನ ಪಡಿ.

ಕಿಂಗ್‌ಸ್ಟನ್ ಸ್ಟಿಕ್‌ನಲ್ಲಿ ಚಿಪ್ ಮೇಲೂ ಕಿಂಗ್‌ಸ್ಟನ್ ಅಂತಲೇ ಇದೆ. ಈಗ?

ಬೇರೆಯವರ ಚಿಪ್ ತಂದು ತಮ್ಮ ಹೆಸರು ಬರೆಯೋದು ಮಾಮೂಲು. ಆಗ ಸ್ಟಿಕರ್ ಮೇಲಿನ ನಂಬರ್ ಓದಿ. ಕೆವಿಆರ್ 26 ಎನ್ 19 ಎಸ್ 8 / 8 ಅಂದರೆ: 2666 ವೇಗ, ಎನ್ ಅಂದರೆ ಡೆಸ್ಕ್‌ಟಾಪ್‌ದು ಮತ್ತು ಇಸಿಸಿ ಇಲ್ಲ, ಸಿಎಲ್19, ಎಸ್ ಅಂದರೆ ಒಂದು ರ‍್ಯಾಂಕ್, ×8, ಕೊನೆಯ 8 ಅಂದರೆ 8 ಜಿಬಿ. ಕೆವಿಆರ್ 16 ಎಲ್ ಎಸ್ 11 / 4 ಅಂದರೆ 1600, ಎಲ್ ಅಂದರೆ 1.35 ವೋಲ್ಟ್, ಎಸ್ ಅಂದರೆ ಸೋಡಿಮ್, ಸಿಎಲ್11, 4 ಜಿಬಿ. ಎಸ್ ಇಲ್ಲಿ ಬೇರೆ ಜಾಗದಲ್ಲಿದೆ, ಅರ್ಥವೂ ಬೇರೆ, ನೋಡಿಕೊಳ್ಳಿ.

ಕೋರ್ಸೇರ್‌ನವರು ಸ್ಟಿಕರ್ ಮೇಲೆ ವರ್ಷನ್ 4.31 ಅಂತ ಚಿಕ್ಕದಾಗಿ ಹಾಕಿರುತ್ತಾರೆ. ಮೊದಲ ಅಂಕಿ 3 ಇದ್ದರೆ ಮೈಕ್ರಾನ್, 4 ಇದ್ದರೆ ಸ್ಯಾಮ್‌ಸಂಗ್, 5 ಇದ್ದರೆ ಹೈನಿಕ್ಸ್. ಒಂದೇ ಮಾಡೆಲ್ ನಂಬರ್, ಒಂದೇ ಡಬ್ಬ, ಒಳಗಿನ ಚಿಪ್ ಮಾತ್ರ ಬೇರೆ ಬೇರೆ ಇರಬಹುದು. ಮೊದಲೇ ಇರುವ ಸ್ಟಿಕ್‌ಗೆ ಜೋಡಿ ಹುಡುಕುವಾಗ ಈ ಚಿಕ್ಕ ಅಂಕಿ ಕೆಲಸಕ್ಕೆ ಬರುತ್ತದೆ.

ಡಬ್ಬದ ಮೇಲೆ 3200, ಚಿಪ್ ಕೋಡ್ ನೋಡಿದರೆ 2666. ಮೋಸ ಹೋದೆನಾ?

ಅವಸರ ಪಡಬೇಡಿ. ಗೇಮಿಂಗ್ ಸ್ಟಿಕ್ ಆಗಿದ್ದು, ಸ್ಟಿಕರ್ ಮೇಲೆ 1.35 ವೋಲ್ಟ್, ಸಿಎಲ್16 ಅಂತ ಇದ್ದರೆ ಅದು ಎಕ್ಸ್‌ಎಂಪಿ ವೇಗ. ಸ್ಟಿಕ್ ಮಾಡುವವರು ಚಿಪ್‌ಗಳನ್ನು ಆರಿಸಿ, ಜಾಸ್ತಿ ವೋಲ್ಟ್ ಕೊಟ್ಟು, ಓಡಿಸಿ ನೋಡಿ ಆ ವೇಗಕ್ಕೆ ಗ್ಯಾರಂಟಿ ಕೊಟ್ಟಿರುತ್ತಾರೆ. ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ ಆನ್ ಮಾಡದಿದ್ದರೆ ಅದು 2133ರಲ್ಲೋ 2666ರಲ್ಲೋ ಓಡುತ್ತಿರುತ್ತದೆ, ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ಆದರೆ 1.2 ವೋಲ್ಟ್‌ನ ಸಾದಾ ಸ್ಟಿಕ್, ಸ್ಟಿಕರ್‌ನಲ್ಲಿ 3200ಎಎ, ಸ್ಯಾಮ್‌ಸಂಗ್ ಚಿಪ್‌ನಲ್ಲಿ ಟಿಡಿ ಅಂತಿದ್ದರೆ ಆಗ ಪ್ರಶ್ನೆ ಕೇಳಿ.

ಸಿಎಲ್22 ಅಂದರೆ ಸಿಎಲ್11ಕ್ಕಿಂತ ಎರಡು ಪಟ್ಟು ನಿಧಾನವಾ?

ಇಲ್ಲ. ಅದು ಬಡಿತಗಳ ಲೆಕ್ಕ, ಸಮಯ ಅಲ್ಲ. 1600ರಲ್ಲಿ ಸಿಎಲ್11, 3200ರಲ್ಲಿ ಸಿಎಲ್22, ಎರಡೂ 13.75 ನ್ಯಾನೋಸೆಕೆಂಡ್.

×8 ಇರಲಿ ×16 ಇರಲಿ, ನನಗೇನು?

ಡಿಡಿಆರ್4ರಲ್ಲಿ ×8 ಚಿಪ್‌ಗೆ ನಾಲ್ಕು ಬ್ಯಾಂಕ್ ಗುಂಪು, ×16 ಚಿಪ್‌ಗೆ ಎರಡೇ. ಹಾಗಾಗಿ ನಾಲ್ಕು ಚಿಪ್‌ನ ಸ್ಟಿಕ್ ಸ್ವಲ್ಪ ಹಿಂದೆ ಬೀಳುತ್ತದೆ. ಆಫೀಸ್ ಕೆಲಸಕ್ಕೆ ಗೊತ್ತೂ ಆಗಲ್ಲ, ಒಳಗಿನ ಗ್ರಾಫಿಕ್ಸ್‌ನಲ್ಲೇ ಆಟ ಆಡುವವರಿಗೆ ಗೊತ್ತಾಗಬಹುದು.

ನಿಜವಾಗಿ ಪೆಟ್ಟು ಬೀಳೋದು ಹಳೆ ಮದರ್‌ಬೋರ್ಡ್‌ಗಳಲ್ಲಿ. ಇಂಟೆಲ್ ಜಿ41 ಚಿಪ್‌ಸೆಟ್‌ನ ಬೋರ್ಡ್‌ಗಳು ನಮ್ಮಲ್ಲಿ ಸೈಬರ್ ಕೆಫೆ, ಸಣ್ಣ ಆಫೀಸ್ ಎಲ್ಲ ಕಡೆ ಇದ್ದವು, ಈಗಲೂ ಓಡುತ್ತಿವೆ. ಡಿಡಿಆರ್3 ಹಾಕುವ ಜಿ41 ಬೋರ್ಡ್‌ಗೆ ಒಂದು ಚಿಪ್ 2 ಗಿಗಾಬಿಟ್‌ಗಿಂತ ಜಾಸ್ತಿ ಇದ್ದರೆ ಅರ್ಥ ಆಗಲ್ಲ. ಅದಕ್ಕೆ 4 ಜಿಬಿ ಸ್ಟಿಕ್ ಬೇಕಿದ್ದರೆ 16 ಚಿಪ್‌ದೇ ಆಗಬೇಕು. 4 ಗಿಗಾಬಿಟ್‌ನ ಎಂಟು ಚಿಪ್ ಇರುವ ಹೊಸ ಸ್ಟಿಕ್ ಹಾಕಿ, ಪರದೆ ಕಪ್ಪಾಗೇ ಉಳಿದು, "ರ‍್ಯಾಮ್ ಸತ್ತಿದೆ" ಅಂತ ವಾಪಸ್ ಕೊಟ್ಟವರು ಎಷ್ಟು ಜನ! ರ‍್ಯಾಮ್ ಚೆನ್ನಾಗೇ ಇತ್ತು. ಕೆ4ಬಿ2ಜಿ ಬೇಕಿದ್ದ ಕಡೆ ಕೆ4ಬಿ4ಜಿ ತಂದಿದ್ದರು ಅಷ್ಟೇ. ಹಾಗೆಯೇ "ಎಎಂಡಿಗೆ ಮಾತ್ರ" ಅಂತ ಅಗ್ಗವಾಗಿ ಸಿಗುವ 4 ಜಿಬಿ ಡಿಡಿಆರ್2 ಸ್ಟಿಕ್‌ಗಳು ಇವೆ. ಚಿಪ್ ಒಳಜೋಡಣೆ ಬೇರೆ ಥರ ಇರುವುದರಿಂದ ಇಂಟೆಲ್ ಬೋರ್ಡ್‌ನಲ್ಲಿ ಅವು ನಡೆಯಲ್ಲ.

ಪಿಸಿ3 ಮತ್ತು ಪಿಸಿ3ಎಲ್, ಆ ಒಂದು ಎಲ್ ಅಷ್ಟು ಮುಖ್ಯವಾ?

ಲ್ಯಾಪ್‌ಟಾಪ್‌ನಲ್ಲಿ ಮುಖ್ಯ. ಎಲ್ ಇದ್ದರೆ 1.35 ವೋಲ್ಟ್, ಇಲ್ಲದಿದ್ದರೆ 1.5. ಇಂಟೆಲ್ ನಾಲ್ಕನೇ ಪೀಳಿಗೆಯ ಪ್ರೊಸೆಸರ್ ಇರುವ ಬಹಳಷ್ಟು ಲ್ಯಾಪ್‌ಟಾಪ್‌ಗಳು 1.5 ವೋಲ್ಟ್ ಸ್ಟಿಕ್ ಹಾಕಿದರೆ ಆನ್ ಆಗಲ್ಲ. ಸ್ಟಿಕರ್ ಹರಿದು ಹೋಗಿದ್ದರೆ ಚಿಪ್ ನೋಡಿ: ಹೈನಿಕ್ಸ್‌ನಲ್ಲಿ ಎಚ್5ಟಿಸಿ, ಮೈಕ್ರಾನ್‌ನಲ್ಲಿ 41ಕೆ, ಸ್ಯಾಮ್‌ಸಂಗ್‌ನಲ್ಲಿ ವೇಗದ ಹಿಂದಿನ ಅಕ್ಷರ ಸಿ ಬದಲು ವೈ, ಅಂದರೆ ಬಿವೈಕೆ0 ಥರ. ಇವೆಲ್ಲ 1.35ರವು.

ಡಿಡಿಆರ್5ರಲ್ಲೂ ಇದೇ ಲೆಕ್ಕ ನಡೆಯುತ್ತಾ?

ನಡೆಯುತ್ತದೆ. ಪಿಸಿ5-4800ಬಿ ಅಂದರೆ ಡಿಡಿಆರ್5, 4800, ಸಿಎಲ್40. ಚಿಪ್‌ಗಳು ಸಾಮಾನ್ಯವಾಗಿ 16 ಗಿಗಾಬಿಟ್, ಎಂಟು ಇದ್ದರೆ 16 ಜಿಬಿ. 8 ಜಿಬಿ ಸ್ಟಿಕ್ ಆದರೆ ನಾಲ್ಕೇ ಚಿಪ್, ×16. 24 ಗಿಗಾಬಿಟ್ ಚಿಪ್ ಕೂಡ ಬಂದಿದೆ, ಅದಕ್ಕೇ 24 ಜಿಬಿ, 48 ಜಿಬಿ ಅನ್ನುವ ವಿಚಿತ್ರ ಸೈಜ್‌ಗಳು. ಇಸಿಸಿ ಸ್ಟಿಕ್‌ನಲ್ಲಿ ಒಂಬತ್ತಲ್ಲ, ಹತ್ತು ಚಿಪ್ ಇರಬಹುದು. ಎಲ್ಲ ಡಿಡಿಆರ್5 ಚಿಪ್ ಒಳಗೂ ಒಂದು ಇಸಿಸಿ ಇದೆ ಅಂತ ಹೇಳಿ ಸಾದಾ ಸ್ಟಿಕ್ಕನ್ನೇ "ಇಸಿಸಿ" ಅಂತ ಮಾರುವವರಿದ್ದಾರೆ. ಅದು ಚಿಪ್ ತನ್ನೊಳಗೆ ಮಾಡಿಕೊಳ್ಳುವ ರಿಪೇರಿ, ಸರ್ವರ್ ಇಸಿಸಿ ಅಲ್ಲ.

ಮೇಲೆ ಲೋಹದ ಕವಚ ಇದೆ, ಕಿತ್ತು ನೋಡಲಾ?

ಬೇಡ. ಅಂಟು ಗಟ್ಟಿ ಇರುತ್ತದೆ, ಚಿಪ್ಪೇ ಬೋರ್ಡ್‌ನಿಂದ ಎದ್ದು ಬರಬಹುದು, ವಾರಂಟಿಯೂ ಹೋಗಬಹುದು. ಸಾಫ್ಟ್‌ವೇರ್‌ನಲ್ಲಿ ನೋಡಿ. ವಿಂಡೋಸ್‌ನಲ್ಲಿ ಸಿಪಿಯು-ಝಡ್ ತೆರೆದು ಎಸ್‌ಪಿಡಿ ಟ್ಯಾಬ್‌ಗೆ ಹೋದರೆ ಸ್ಟಿಕ್ ನಂಬರ್, ವಾರ, ವರ್ಷ ಕಾಣುತ್ತದೆ. ಡೈ ಆವೃತ್ತಿ ಬೇಕಿದ್ದರೆ ಥೈಫೂನ್ ಬರ್ನರ್, ಬರೀ ಓದಿ, ಅದರಲ್ಲಿ ಬರೆಯೋಕೆ ಹೋಗಬೇಡಿ. ಲಿನಕ್ಸ್‌ನಲ್ಲಿ ಡಿಎಂಐಡೀಕೋಡ್ ಸಾಕು. ಎಸ್‌ಪಿಡಿಯಲ್ಲಿರುವುದನ್ನೂ ಬದಲಾಯಿಸಬಹುದು ಅನ್ನೋದು ತಲೆಯಲ್ಲಿರಲಿ.

ಅಕ್ಷರ ಕಾಣಿಸುತ್ತಲೇ ಇಲ್ಲ, ಏನು ಮಾಡಲಿ?

ಮೊಬೈಲ್ ಟಾರ್ಚನ್ನು ನೇರವಾಗಿ ಹಿಡಿದರೆ ಹೊಳಪೇ ಕಾಣುತ್ತದೆ. ಪಕ್ಕದಿಂದ, ಹೆಚ್ಚುಕಮ್ಮಿ ಚಿಪ್‌ನ ಮಟ್ಟದಲ್ಲೇ ಬೆಳಕು ಬಿಡಿ, ಕೊರೆದ ಗೀರು ಎದ್ದು ಕಾಣುತ್ತದೆ. ಇನ್ನೊಂದು ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ. ಧೂಳಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಕಿಸಿದ ಹತ್ತಿಯಿಂದ ಮೆಲ್ಲಗೆ ಒರೆಸಿ.

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೋ ಆನ್‌ಲೈನಲ್ಲೋ ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಏನು ನೋಡಬೇಕು?

2025ರ ಕೊನೆಗೆ ರ‍್ಯಾಮ್ ಬೆಲೆ ಏರಿದ ಮೇಲೆ ಈ ಪ್ರಶ್ನೆ ಜಾಸ್ತಿ ಆಗಿದೆ. ಆನ್‌ಲೈನ್ ಆದರೆ ಎರಡೂ ಬದಿಯ ಫೋಟೋ ಕೇಳಿ, ಜೊತೆಗೆ ಒಂದೇ ಒಂದು ಚಿಪ್‌ನ ಹತ್ತಿರದ ಫೋಟೋ. ಕೊಡೋಕೆ ಹಿಂದೆ ಮುಂದೆ ನೋಡಿದರೆ ಬಿಟ್ಟುಬಿಡಿ. ಅಂಗಡಿಯಲ್ಲಾದರೆ ಚಿಪ್ ಎಣಿಸಿ, ಗುಣಿಸಿ, 8ರಿಂದ ಭಾಗಿಸಿ. ಎಲ್ಲ ಚಿಪ್ ಒಂದೇ ಕಂಪನಿಯದಾ, ಒಂದೇ ಡೈ ಅಕ್ಷರವಾ ನೋಡಿ. ಚಿಪ್ ಮೇಲ್ಮೈ ಉಜ್ಜಿದ ಹಾಗೆ ನುಣುಪಾಗಿದ್ದು ಅಕ್ಷರ ಮಾತ್ರ ಬೆಳ್ಳಗೆ ಹೊಸದಾಗಿದ್ದರೆ, ಅಥವಾ ಒರೆಸಿದರೆ ಅಕ್ಷರ ಅಳಿಸಿದರೆ, ಅದು ಮೇಲಿಂದ ಬರೆದದ್ದು. ಲೇಸರ್ ಅಕ್ಷರ ಬಟ್ಟೆಗೆ ಹೋಗಲ್ಲ.

ತುಂಬಾ ಸಲ ಕಾಣೋದು ಹೀಗೆ: ಸ್ಟಿಕರ್ ಹೊಸದು, ಪಿಸಿ3-12800 ಅನ್ನುತ್ತದೆ, ಕೆಳಗಿನ ಚಿಪ್‌ಗಳು ಎಚ್9, ಅಂದರೆ 1333. ಓಡುತ್ತದೆ, ಒಂದು ವಾರ ಚೆನ್ನಾಗೇ ಓಡುತ್ತದೆ, ಆಮೇಲೆ ಬ್ಲೂ ಸ್ಕ್ರೀನ್ ಶುರು. ಅಂಥದ್ದು ಕೈಗೆ ಸಿಕ್ಕರೆ 1333ರ ಬೆಲೆಗೆ ಕೊಡುತ್ತಾರಾ ಕೇಳಿ. ಕೊಟ್ಟರೆ ತಗೊಂಡು ಬಯೋಸ್‌ನಲ್ಲಿ 1333ಕ್ಕೇ ಇಡಿ, ಒಂದು ರಾತ್ರಿ ಮೆಮ್‌ಟೆಸ್ಟ್86 (ಮೆಮೊರಿ ಪರೀಕ್ಷಿಸುವ ಸಾಫ್ಟ್‌ವೇರ್) ಓಡಿಸಿ. ಒಂದೇ ಒಂದು ಎರರ್ ಬಂದರೂ ಮಾರನೇ ದಿನವೇ ವಾಪಸ್ ಕೊಡಿ, ಬಿಲ್ ಇಟ್ಟುಕೊಂಡಿರಿ.